ನಡತೆ ನೋಡಿ ಹಚ್ಚಿದ ಗಿಡ

ಗಿಡಗಳ ನಡತೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ. ಮನುಷ್ಯರ ನಡತೆ ತಿದ್ದುವ ಆಸೆ ಬಿಟ್ಟು ಎಷ್ಟೋ ವರ್ಷವಾಯಿತು. ನನ್ನ ನಡತೆ ತಿದ್ದುವ ಕೆಲಸ ನನ್ನ ಹೆಂಡತಿ ಮಹಾದೇವಿಯ ಪಾಲಿಗೆ ಬಂದದ್ದು, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಗಿಡವನ್ನು ನಾವೇ ಆರಿಸಿ, ನಾವೇ ತಂದು, ನಾವೇ ನೀರು ಹಾಕಿ ಬೆಳೆಸುತ್ತೇವೆ. ಹಾಗಿರುವಾಗ ಸ್ವಲ್ಪ ವಿಚಾರಿಸಿ ತರುವುದು ತಪ್ಪೇ? ತಪ್ಪು ಎಂದು ಮಹಾದೇವಿ ಹೇಳುತ್ತಾಳೆ. ಇರಲಿ. ಈ ಕಟ್ಟುನಿಟ್ಟು ನನಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ನುಗ್ಗೆ ಗಿಡದಿಂದ ಬಂದದ್ದು.

ಸೊಲ್ಲಾಪುರದಲ್ಲಿ ಅಕ್ಕಲಕೋಟ ರಸ್ತೆಯ ಕಡೆಗೆ ನಮ್ಮ ಮನೆ. ಹಿತ್ತಲಿಗೆ ತಂತಿ ಬೇಲಿ, ಬೇಲಿಯಾಚೆ ಬಿರಾಜದಾರರ ಹಿತ್ತಲು. ನಾನು ವಾಗದರಿಯವನು, ಅವರು ಕಂದಲಗಾಂವದವರು. ಓಣಿಯಲ್ಲಿ ಉಳಿದ ಮನೆಗಳೆಲ್ಲ ಮರಾಠಿ. ನನಗೆ ಮರಾಠಿ ಬಾರದೆಂದಲ್ಲ. ಆಫೀಸಿನಲ್ಲಿ ದಿನವಿಡೀ ಅದೇ, ಮಕ್ಕಳು ನನ್ನ ಕನ್ನಡಕ್ಕೆ ಉತ್ತರ ಕೊಡುವುದೂ ಅದರಲ್ಲೇ. ಆದರೆ ನಲ್ಲಿ ನೀರು ಬಾರದ ದಿನ ಮರಾಠಿಯಲ್ಲಿ ಬೈದರೆ ಅರ್ಜಿ ಬರೆದುಕೊಟ್ಟಂತಾಗುತ್ತದೆಯೇ ಹೊರತು ಬೈದ ಸಮಾಧಾನ ಸಿಗುವುದಿಲ್ಲ. ಆ ಸಮಾಧಾನಕ್ಕೆ ಬಿರಾಜದಾರರೇ ಬೇಕು. ಸಂಜೆ ಆಫೀಸಿನಿಂದ ಬಂದು ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ನೀರು, ಲೈಟು, ಭಾವಮೈದುನರು ಎಲ್ಲರನ್ನೂ ಕನ್ನಡದಲ್ಲಿ ವಿಚಾರಿಸಿಕೊಂಡರೇ ನಮಗೆ ರಾತ್ರಿಯ ರೊಟ್ಟಿ ರುಚಿಸುತ್ತಿತ್ತು.

ಆಗ ಬೇಲಿಗುಂಟ ಇದ್ದದ್ದು ಆ ನುಗ್ಗೆ. ಕಾಯಿ ಬೇಕಾದಷ್ಟು ಬಿಡುತ್ತಿತ್ತು, ಕಂಬಳಿಹುಳು ಬೇಡವಾದಷ್ಟು. ಒಂದು ಮಳೆಗಾಲ ಹುಳುಗಳು ತಂತಿ ದಾಟಿ ಬಿರಾಜದಾರರ ಬನಿಯನ್ನು ಒಣಹಾಕಿದ ಹಗ್ಗಕ್ಕೆ ಹೋದವು. ಅವರು ಅದೇ ಬನಿಯನ್ನು ತೊಟ್ಟು, ಮಗಳನ್ನು ನೋಡಲು ಬಂದ ಬೀಗರ ಮುಂದೆ ಕೂತರು. ಕೂತವರು ಕೆರೆದರು. ಬೆನ್ನು ಕೆರೆದರು, ಕಂಕುಳು ಕೆರೆದರು, ಕೊನೆಗೆ ಬಾಗಿಲ ಚೌಕಟ್ಟಿಗೆ ಮೈ ಉಜ್ಜಿದರು. ಸಂಬಂಧವೇನೋ ಕೂಡಿತು, ಆದರೆ ಬೀಗರು ಮನೆತನದಲ್ಲಿ ಚರ್ಮದ ಕಾಯಿಲೆ ಉಂಟೇ ಎಂದು ಮೂರನೆಯವರ ಕೈಯಲ್ಲಿ ಕೇಳಿಸಿದರಂತೆ. ಮರುದಿನದಿಂದ ಬಿರಾಜದಾರರು ಬೇಲಿಯ ಹತ್ತಿರ ಸುಳಿಯಲಿಲ್ಲ. ನಾನು ನುಗ್ಗೆಯನ್ನು ಬುಡಸಮೇತ ಕಡಿಸಿದೆ. ಆಗಲೂ ಬರಲಿಲ್ಲ.

ಇನ್ನು ಹಚ್ಚುವ ಗಿಡದಿಂದ ಒಂದು ದೂರೂ ಬರಬಾರದು ಎಂದು ನಿರ್ಧರಿಸಿದೆ. ಬೇವು ನೋಡಿದೆ; ಎಲೆ ಉದುರುತ್ತದೆ, ಹಣ್ಣು ಉದುರುತ್ತದೆ, ಹಣ್ಣು ತಿನ್ನಲು ಬಂದ ಕಾಗೆ ಮತ್ತೇನನ್ನೋ ಉದುರಿಸುತ್ತದೆ. ತೆಂಗಿನ ಕಾಯಿ ಬಿರಾಜದಾರರ ತಲೆಯನ್ನೇ ಹುಡುಕಿಕೊಂಡು ಬೀಳುತ್ತದೆಂದು ನನಗೆ ಖಾತ್ರಿಯಿತ್ತು. ಬಾರಿ ಹಣ್ಣಿನ ಗಿಡಕ್ಕೆ ಮುಳ್ಳು. ಉದ್ದನೆಯ ಅಶೋಕವೊಂದೇ ಮರ್ಯಾದಸ್ಥ. ಆದರೆ ಅದನ್ನು ಹಚ್ಚಿದ ಮನೆ ಮದುವೆಯ ಮಂಗಲ ಕಾರ್ಯಾಲಯದಂತೆ ಕಂಡು, ಯಾರಾದರೂ ಊಟಕ್ಕೆ ನುಗ್ಗುವ ಭಯ. ನರ್ಸರಿಯಲ್ಲಿ ನಾನು ಬೇರು ಎತ್ತ ಹೋಗುತ್ತದೆ, ಯಾವ ತಿಂಗಳು ಏನು ಬೀಳುತ್ತದೆ ಎಂದು ಕೇಳುತ್ತಿರುವಾಗ ಮಹಾದೇವಿ ಪಕ್ಕದಲ್ಲಿ ನಿಂತು, "ನನ್ನ ನೋಡಾಕ ಬಂದಾಗ ಇಷ್ಟ ಕೇಳಿದ್ದಿಲ್ಲ ನೀವು" ಎಂದಳು. ಕೇಳಬೇಕಿತ್ತು ಎಂದು ನಾನು ಅನ್ನಲಿಲ್ಲ.

ನರ್ಸರಿಯವನು ಕೊನೆಗೆ ಆಪಟಾ ಗಿಡ ತೋರಿಸಿದ. ಜೋಡು ಹೋಳಿನ ಎಲೆ, ಮುಳ್ಳಿಲ್ಲ, ಯಾರೂ ಆಸೆಪಡುವ ಹಣ್ಣಿಲ್ಲ. ಹಾಯದ ಆಕಳಿಗೆ ಹೇಳುವಂತೆ, "ಏಕದಮ್ ಗರೀಬ್ ಗಿಡಾರೀ" ಎಂದ. ಗರೀಬ್ ಗಿಡವನ್ನು ಬೇಲಿಗೆ ಹಚ್ಚಿದೆ. ಅದು ತಲೆಯೆತ್ತರಕ್ಕೆ ಬರುವವರೆಗೆ ಪ್ರತಿ ರವಿವಾರ ಕತ್ತರಿ ಹಿಡಿದು, ಬಿರಾಜದಾರರ ಕಡೆ ವಾಲಿದ ಚಿಗುರನ್ನೆಲ್ಲ ಕತ್ತರಿಸಿದೆ. ಅವರು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ನಾನು ನಲ್ಲಿಯವರನ್ನು ಒಬ್ಬನೇ ಬೈದು ಒಳಗೆ ಹೋಗುತ್ತಿದ್ದೆ. ಅದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ನಮ್ಮೂರಲ್ಲಿ ದಸರೆಗೆ ಬನ್ನಿ ಕೊಟ್ಟಂತೆ ಸೊಲ್ಲಾಪುರದಲ್ಲಿ ಈ ಆಪಟಾ ಎಲೆಯನ್ನು ಬಂಗಾರವೆಂದು ಕೈಯಲ್ಲಿಟ್ಟು ನಮಸ್ಕಾರ ಮಾಡುತ್ತಾರೆ. ಇದು ನನಗೆ ಗೊತ್ತಿತ್ತು. ಓಣಿಯವರಿಗೂ ಗೊತ್ತಿರುತ್ತದೆ ಎಂಬುದು ಹೊಳೆದಿರಲಿಲ್ಲ. ಈ ಸಲದ ದಸರೆಗೆ ಅಕ್ಕಲಕೋಟದ ತಂಗಿಯ ಮನೆಯಲ್ಲಿ ಹೋಳಿಗೆ ಉಂಡು ಇಳಿಹೊತ್ತಿಗೆ ಮರಳಿದರೆ, ಗಿಡದಲ್ಲಿ ಕಡ್ಡಿ ಮಾತ್ರ ಇದ್ದವು.

ದೀಪ ಹಚ್ಚುವ ಹೊತ್ತಿಗೆ ಓಣಿ ಮನೆಗೆ ಬರತೊಡಗಿತು. ಬಜಾರದ ಎಲೆ ಕಟ್ಟಿನಲ್ಲಿ ಬಾಡಿರುತ್ತದೆ. ಇವರು ಕೊಟ್ಟದ್ದು ಹಸಿಹಸಿಯಾಗಿ ಮಿರುಗುತ್ತಿತ್ತು. ನನ್ನ ಗಿಡವನ್ನು ನನಗೇ ಕೊಟ್ಟು, ಬಂಗಾರದಂತೆ ಬಾಳಿರೆಂದು ಮರಾಠಿಯಲ್ಲಿ ಹರಸಿ, ಫರಾಳದ ತಿಂಡಿ ತಿಂದು ಹೋದರು. ತಿರುಗಿ ಕೊಡಲು ನನ್ನಲ್ಲಿ ಎಲೆಯಿಲ್ಲದೆ, ಮೊದಲು ಬಂದವರದನ್ನು ಆಮೇಲೆ ಬಂದವರಿಗೆ ಕೊಟ್ಟೆ. ಒಳಗೊಳಗೇ ಕುದಿಯುತ್ತಿದ್ದೆ.

ಎಲ್ಲರೂ ಹೋದ ಮೇಲೆ ಬಿರಾಜದಾರರು ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಎಲೆ ತುಂಬಿದ ಒಂದಿಡೀ ಟೊಂಗೆ.

"ಬಂಗಾರ ತಗೋರಿ, ಬಂಗಾರದಂಗ ಇರೋಣು" ಎಂದರು.

ಇವರು ಎಂದಾದರೂ ಬಂದರೆ ಏನು ಹೇಳಬೇಕೆಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ: "ಇದೂ ನಮ್ಮ ಗಿಡದ್ದ ಅಲ್ರಿ?"

"ಹೌದ್ರಿ. ಓಣಿ ಮಂದಿ ಪೂರಾ ಹರಕೊಂಡು ಹೋದ್ರು. ನಮ್ಮ ಕಡಿ ಚಾಚಿದ್ದ ಟೊಂಗಿ ಒಂದಿತ್ತು, ಅದನ್ನ ಯಾರಿಗೂ ಮುಟ್ಟಗೊಡಲಿಲ್ಲ ನಾ. ನಿಮಗ ಕೊಡಾಕ ಬೇಕಾಗಿತ್ತು."

ಅವರ ಬಚ್ಚಲಮನೆಯ ಗೋಡೆಯ ಹಿಂದೆ ನನ್ನ ಕತ್ತರಿಗೆ ಸಿಗದೆ ಉಳಿದ ಟೊಂಗೆ ಅದು. ಅದರಿಂದಲೇ ಒಂದೆಲೆ ಹರಿದು ಅವರ ಕೈಗಿಟ್ಟೆ; ಇಬ್ಬರೂ ಅಪ್ಪಿಕೊಂಡೆವು.

ಬಿರಾಜದಾರರು ಕೂತರು. ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಹಿತ್ತಲ ಕಡೆ ನೋಡಿ, ದನಿ ತಗ್ಗಿಸಿದರು. "ಖರೇ ಹೇಳಲೇನ್ರಿ? ನಿಮ್ಮ ಗಿಡದ ಎಲಿ ಎಲ್ಲಾ ನಮ್ಮ ಹಿತ್ತಲದಾಗ ಬೀಳತಾವ. ನಮ್ಮ ಮನ್ಯಾಕಿ ದಿನಾ ಕಸಬರಗಿ ಹಿಡದು ನಿಮಗ ಬೈತಾಳ."

ಇಂಥ ಒಂದು ಮಾತು ಕಿವಿಗೆ ಬೀಳಬಾರದೆಂದೇ ನಾನು ಸೊಲ್ಲಾಪುರದ ನರ್ಸರಿಗಳನ್ನೆಲ್ಲ ಅಲೆದಿದ್ದೆ. ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಕಪ್ ಚಹಾ ಇಡಲು ಅವಳಿಗೆ ಹೇಳಿ, ಕುರ್ಚಿಯನ್ನು ಬಿರಾಜದಾರರ ಹತ್ತಿರಕ್ಕೆ ಎಳೆದುಕೊಂಡು, "ಏನೇನ ಬೈತಾರ, ಸಾವಕಾಶ ಹೇಳ್ರಿ" ಎಂದೆ.