ಕಪ್ಪು ಬೆನ್ನಿನ ಬಿಲ್ಲೆ

ಗಂಡಸರ ಹವ್ಯಾಸಗಳ ಬಗ್ಗೆ ನನಗೆ ಯಾವತ್ತೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಂಗಸರ ಹವ್ಯಾಸದಿಂದ ಕೊನೆಗೆ ಒಂದು ಸ್ವೆಟರೋ, ಒಂದು ಜಾಡಿ ಉಪ್ಪಿನಕಾಯಿಯೋ, ಕಡೇಪಕ್ಷ ಬಾಗಿಲ ಮುಂದೆ ಒಂದು ರಂಗೋಲಿಯೋ ಹುಟ್ಟುತ್ತದೆ. ಗಂಡಸರ ಹವ್ಯಾಸದಿಂದ ಹುಟ್ಟುವುದು ಒಂದು ಡಬ್ಬಿ, ಅದರ ಪಕ್ಕದಲ್ಲಿ ಇನ್ನೊಂದು ಡಬ್ಬಿ, ಮತ್ತು ಎರಡನ್ನೂ ಯಾರೂ ಮುಟ್ಟಕೂಡದೆಂಬ ಕಾನೂನು. ಮೈಸೂರಿನಲ್ಲಿ ನನ್ನ ಸೋದರಮಾವನೊಬ್ಬ ಬೆಂಕಿಪೊಟ್ಟಣ ಕೂಡಿಡುತ್ತಿದ್ದ. ಅತ್ತೆ ಒಲೆ ಹಚ್ಚಲು ಪೊಟ್ಟಣ ಕೇಳಿದರೆ ಬರೀ ಕಡ್ಡಿಗಳನ್ನು ಅಂಗೈಯಲ್ಲಿ ಸುರಿದು ಕೊಡುತ್ತಿದ್ದ. ಗೀರುವುದಕ್ಕೂ ಪೊಟ್ಟಣವೇ ಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ. ಅವನನ್ನು ನೋಡಿ ಬೆಳೆದ ನಾನು ಇಂಥದೊಂದು ಪ್ರಾಣಿ ನನ್ನ ಮನೆಗೆ ಬರಬಾರದೆಂದು ಎಚ್ಚರದಿಂದ ಉಡುಪಿಯ ಡಾಕ್ಟರೊಬ್ಬರನ್ನು ಮದುವೆಯಾದೆ. ಡಾಕ್ಟರುಗಳಿಗೆ ಪುರುಸೊತ್ತಿರುವುದಿಲ್ಲ ಎಂದು ನಂಬಿದ್ದೆ.

ಪುರುಸೊತ್ತು ಕೋವಿಡ್ ರೂಪದಲ್ಲಿ ಬಂತು. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಇವರು, ನಾನು, ಮಗಳು ಮೂವರೂ ಬಾಗಿಲು ಹಾಕಿಕೊಂಡು ಕೂತೆವು. ಎದುರು ಮನೆಯ ತಮಿಳು ಹೆಂಗಸು ಬ್ರೆಡ್ ಮಾಡುವುದನ್ನು ಕಲಿತಳು. ಕೆಳಗಿನ ಮಹಡಿಯ ಬೆಂಗಳೂರಿನ ಹುಡುಗರು ಗಡ್ಡ ಬಿಟ್ಟರು. ನಮ್ಮವರಿಗೆ ಹಿಡಿದದ್ದು ಸೋವಿಯತ್ ಸೈನ್ಯದ ಸ್ಮಾರಕ ಬ್ಯಾಡ್ಜುಗಳ ಹುಚ್ಚು. ಇವರು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವರು. ರಷ್ಯಾ ಕಂಡವರಲ್ಲ, ಎನ್‌ಸಿಸಿಗೆ ಕೂಡ ಸೇರಿದವರಲ್ಲ, ಜಿರಲೆ ಕಂಡರೆ ಕುರ್ಚಿಯ ಮೇಲೆ ಕಾಲು ಎತ್ತಿಕೊಳ್ಳುವ ಜನ. ಹಿಂದಿನ ವರ್ಷ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಮುದುಕನೊಬ್ಬನಿಂದ ಒಂದು ಬಿಸ್ಕೆಟ್ ಡಬ್ಬಿ ತುಂಬ ಬಿಲ್ಲೆಗಳನ್ನು ತಂದು ಫ್ರಿಜ್ಜಿನ ಮೇಲೆ ಇಟ್ಟಿದ್ದರು. ಲಾಕ್‌ಡೌನಿನ ಎರಡನೇ ವಾರ ಆ ಡಬ್ಬಿಯ ಮುಚ್ಚಳ ತೆಗೆದರು. ಆಮೇಲೆ ಅದು ಮುಚ್ಚಲೇ ಇಲ್ಲ.

ಬಿಲ್ಲೆಗಳನ್ನು ಕೂಡಿಡುವುದಾದರೆ ಹೇಗೋ ಸಹಿಸಬಹುದಿತ್ತು. ಇವರು ಕೂಡಿಡುತ್ತಿದ್ದುದು ಬಿಲ್ಲೆಗಳ ನಡುವಿನ ವ್ಯತ್ಯಾಸಗಳನ್ನು. ಒಂದೇ ಬಿಲ್ಲೆ, ಅದೇ ನಕ್ಷತ್ರ, ಅದೇ ಕೆಂಪು ಬಣ್ಣ, ಆದರೆ ಒಂದು ಹಿತ್ತಾಳೆಯದು, ಒಂದು ಅಲ್ಯೂಮಿನಿಯಂ. ಒಂದಕ್ಕೆ ಹಿಂದೆ ತಿರುಪು, ಇನ್ನೊಂದಕ್ಕೆ ಪಿನ್ನು. ಒಂದರಲ್ಲಿ ಸೈನಿಕನ ಗಲ್ಲ ಸ್ವಲ್ಪ ಮುಂದೆ ಬಂದಿದೆ. ಭೂತಗನ್ನಡಿ ಕೈಗೆ ಕೊಟ್ಟು, "ನೋಡು ಮಾರಾಯ್ತಿ, ಈ ಗಲ್ಲ ನೋಡು" ಎನ್ನುತ್ತಿದ್ದರು. ನಾನು ಹೊಸ ಕನ್ನಡಕ ಹಾಕಿಕೊಂಡು ಎಂಟು ತಿಂಗಳಾಗಿತ್ತು, ಅದು ಇನ್ನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಡಿಗೆ ಕಳಿಸಿದರೆ ತೊಗರಿಬೇಳೆಯ ಬದಲು ಕಡಲೆಬೇಳೆ ತಂದು ಎರಡೂ ಹಳದಿಯಲ್ಲವೇ ಎಂದು ನನ್ನನ್ನೇ ಕೇಳುವ ಮನುಷ್ಯ ಸತ್ತುಹೋದ ಒಂದು ದೇಶದ ಸೈನಿಕನ ಗಲ್ಲವನ್ನು ಅಳೆಯುತ್ತಿದ್ದರು. ಮಗಳು ಅನಘಾಗೆ ಹೇಳಿಕೊಂಡರೆ, "ಅಪ್ಪಾ ಈಸ್ ಹ್ಯಾಪಿ, ಜಸ್ಟ್ ಲೆಟ್ ಹಿಮ್ ಲಾ" ಎಂದು ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಇವರ ಜಾತಿಯವರು ಮಲೇಷ್ಯಾದಲ್ಲಿ ಇನ್ನೂ ಹದಿನೈದು ಜನ ಇದ್ದರು ಎಂಬುದು ನನ್ನ ದುರದೃಷ್ಟ. ಅವರದೊಂದು ಗುಂಪು, ಭಾನುವಾರ ಮಧ್ಯಾಹ್ನ ವೀಡಿಯೋದಲ್ಲಿ ಸಭೆ. ಅದಕ್ಕೆ ಹಿರಿಯರು ಪೆನಾಂಗಿನ ಬಯಾನ್ ಲೆಪಾಸಿನ ಮಿಸ್ಟರ್ ತಾನ್. ಚಿಪ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ನಿವೃತ್ತರಾದ ಮನುಷ್ಯ, ಆ ಕಣ್ಣನ್ನು ಸುಮ್ಮನೆ ಬಿಡಲಾರದೆ ಬಿಲ್ಲೆಗಳ ಮೇಲೆ ಇಟ್ಟಿದ್ದರು. ಅವರ ಬಳಿ ಒಂದು ಪಟ್ಟಿ ಇತ್ತು. ಯಾವ ಬಿಲ್ಲೆಗೆ ಎಷ್ಟು ಬಗೆ, ಪ್ರತಿ ಬಗೆಯನ್ನು ಮೊದಲು ಗುರುತಿಸಿದವರು ಯಾರು ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ಪಟ್ಟಿಯಲ್ಲಿ ಹೆಸರು ಬಂದವರು ಸಭೆಯಲ್ಲಿ ಮೊದಲು ಮಾತಾಡುತ್ತಿದ್ದರು. ಬರದವರು ಮೈಕು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು. ನಮ್ಮವರು ತಲೆಯಾಡಿಸುವ ಬಣ.

ಹೀಗಿರುವಾಗ ಇವರ ಡಬ್ಬಿಯಲ್ಲಿ ಒಂದು ಬಿಲ್ಲೆ ಸಿಕ್ಕಿತು. ಎರಡನೇ ಮಹಾಯುದ್ಧ ಗೆದ್ದು ಇಪ್ಪತ್ತೈದು ವರ್ಷವಾದ ನೆನಪಿಗೆ ಹಂಚಿದ್ದಂತೆ. ಎಲ್ಲರ ಬಿಲ್ಲೆಯ ಬೆನ್ನು ಹಳದಿ, ಇವರದು ಕಪ್ಪು. ಸುಮ್ಮನೆ ಕಪ್ಪಲ್ಲ, ಅಂಚಿನಿಂದ ಅಂಚಿಗೆ ಒಂದೇ ಸಮನಾದ, ಬಳಿದಂಥ ಕಪ್ಪು. ತಾನ್ ಅವರು ಫೋಟೋ ನೋಡಿ, "ಭಾನುವಾರದ ಸಭೆಯಲ್ಲಿ ಕ್ಯಾಮೆರಾದ ಹತ್ತಿರ ಹಿಡಿದು ತೋರಿಸಿ, ನಿಜವಾದರೆ ಪಟ್ಟಿಗೆ ನಿಮ್ಮ ಹೆಸರಿನಲ್ಲಿ ಸೇರಿಸುತ್ತೇನೆ" ಎಂದರು. ಅವತ್ತಿನಿಂದ ಇವರು ಮನೆಯಲ್ಲಿ ಶಿಳ್ಳೆ ಹಾಕುತ್ತಾ ಓಡಾಡತೊಡಗಿದರು. "ಅದು ಕೊಳೆ ಕಣ್ರೀ" ಎಂದೆ. "ಮುದುಕನ ಮನೆಯ ಐವತ್ತು ವರ್ಷದ ಕೊಳೆ." ಅವರು ಶಿಳ್ಳೆ ಮುಂದುವರಿಸಿದರು. ಇಷ್ಟು ವರ್ಷ ಪಾಠ ಮಾಡಿದರೂ ಯಾವ ಲೇಖನದಲ್ಲೂ ಅವರ ಹೆಸರು ಮೂರನೆಯದಕ್ಕಿಂತ ಮೇಲೆ ಬಂದಿರಲಿಲ್ಲ. ಆ ವರ್ಷವಂತೂ ವಿದ್ಯಾರ್ಥಿಗಳ ಮುಖವೂ ಇರಲಿಲ್ಲ, ಪರದೆಯ ಮೇಲೆ ಅರವತ್ತು ಕಪ್ಪು ಚೌಕಗಳಿಗೆ ಹೃದಯ ಹೇಗೆ ಬಡಿಯುತ್ತದೆಂದು ವಿವರಿಸುತ್ತಿದ್ದರು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ಆ ಭಾನುವಾರವೇ ಆಯುಧಪೂಜೆ. ಮೈಸೂರಿನವಳಾದ ನಾನು ಏನನ್ನು ಬಿಟ್ಟರೂ ಅದನ್ನು ಬಿಡುವವಳಲ್ಲ. ಬೆಳಿಗ್ಗೆ ಇವರು ಯಾವುದೋ ಪರೀಕ್ಷೆಯ ಆನ್‌ಲೈನ್ ಮೀಟಿಂಗಿಗೆಂದು ಕೋಣೆಯ ಬಾಗಿಲು ಹಾಕಿಕೊಂಡರು. ನಾನು ತಮಿಳರ ಅಂಗಡಿಯ ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ಮನೆಯಲ್ಲಿದ್ದ ಲೋಹವನ್ನೆಲ್ಲ ಸಿಂಕಿನ ಮುಂದೆ ಸಾಲಾಗಿ ಇಟ್ಟೆ. ದೀಪದ ಕಂಬ, ಈಳಿಗೆಮಣೆ, ಕತ್ತರಿ, ಸ್ಕ್ರೂ ಡ್ರೈವರು. ಇವರ ಸ್ಟೆತಸ್ಕೋಪಿಗೂ ಒಂದು ಕೈ ಹಾಕಿದೆ. ಆಗ ಕಣ್ಣಿಗೆ ಬಿದ್ದದ್ದು ಬಿಸ್ಕೆಟ್ ಡಬ್ಬಿ. ಸೈನ್ಯದ ಸಾಮಾನು ಆಯುಧವಲ್ಲದೆ ಮತ್ತೇನು? ಕತ್ತರಿಗೆ ಕುಂಕುಮ ಇಟ್ಟು ಸೈನಿಕರನ್ನು ಹಾಗೇ ಬಿಟ್ಟರೆ ಚಾಮುಂಡಿ ಒಪ್ಪುತ್ತಾಳೆಯೇ? ಮುಟ್ಟಬೇಡ ಎಂದು ಇವರು ನೂರು ಸಲ ಹೇಳಿದ್ದು ನಿಜ. ಆದರೆ ಹಬ್ಬದ ದಿನಕ್ಕೂ ಅದು ಅನ್ವಯವಾಗುತ್ತದೆಂದು ಹೇಳಿರಲಿಲ್ಲ.

ನಲವತ್ತೆರಡು ಬಿಲ್ಲೆಗಳನ್ನು ಒಂದೊಂದಾಗಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದೆ. ಆ ಕಪ್ಪು ಬೆನ್ನಿನದಕ್ಕೆ ಮಾತ್ರ ಎರಡು ಸಲ ಹುಣಸೆಹಣ್ಣು ಬಳಿದು ಕಾಲು ಗಂಟೆ ಬಿಡಬೇಕಾಯಿತು. ಕೊನೆಗೆ ಕಪ್ಪು ಕರಗಿ ಕೆಳಗಿನಿಂದ ಚಿನ್ನದಂಥ ಹಳದಿ ಎದ್ದುಬಂತು. ನೋಡಿದಿರಾ, ಕೊಳೆ ಎಂದಿರಲಿಲ್ಲವೇ ಎಂದು ಸಿಂಕಿಗೇ ಹೇಳಿದೆ. ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿ, ಒಂದೊಂದಕ್ಕೂ ಕುಂಕುಮದ ಬೊಟ್ಟು ಇಟ್ಟು, ಮೇಲೆ ಸೇವಂತಿಗೆ ಎಸಳು ಉದುರಿಸಿದಾಗ ನನಗೇ ಹೆಮ್ಮೆಯಾಯಿತು. ಇಡೀ ಕೆಂಪು ಸೈನ್ಯ ನಮ್ಮ ದೇವರ ಮನೆಯಲ್ಲಿ ತಲೆಸ್ನಾನ ಮಾಡಿ ಕೂತಂತಿತ್ತು.

ಇವರು ಮೀಟಿಂಗ್ ಮುಗಿಸಿ ಬಂದು ತಟ್ಟೆ ನೋಡಿದರು. ಕೂಗಾಡುತ್ತಾರೆಂದು ನಾನು ಸೆರಗು ಕಟ್ಟಿ ಸಿದ್ಧಳಾಗಿದ್ದೆ. ಕೂಗಲಿಲ್ಲ. ಆ ಒಂದು ಬಿಲ್ಲೆಯನ್ನು ಎತ್ತಿ, ತಿರುಗಿಸಿ, ಬೆರಳಿನಿಂದ ಬೆನ್ನು ಸವರಿ, "ಎಂತ ಮಾರಾಯ್ತಿ ಇದು" ಎಂದಷ್ಟೇ ಮೆಲ್ಲಗೆ ಕೇಳಿದರು. "ಹಬ್ಬ ಅಲ್ವೇನ್ರೀ" ಎಂದೆ. ಅವರು ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಊಟಕ್ಕೆ ಕೂತರು. ಪಾಯಸವನ್ನು ಎರಡನೇ ಸಲ ಕೇಳಲಿಲ್ಲ. ತುಪ್ಪ ಜಾಸ್ತಿಯಾಯಿತೇನೋ ಎಂದುಕೊಂಡು ನಾನೇ ಇನ್ನೊಂದು ಸೌಟು ಬಡಿಸಿದೆ.

ಮೂರು ಗಂಟೆಗೆ ಸಭೆ. ನಾನು ಕ್ಯಾಮೆರಾಗೆ ಕಾಣದಂತೆ ಸೋಫಾದ ಮೂಲೆಯಲ್ಲಿ ಬಟ್ಟೆ ಮಡಚುವ ನೆಪ ಮಾಡಿ ಕೂತೆ. ನನ್ನ ಹೆಂಡತಿ ಹಾಳುಮಾಡಿದಳು ಎಂದು ಇವರು ಹೇಳುತ್ತಾರೆ, ಹದಿನೈದು ಜನ ಅಯ್ಯೋ ಪಾಪ ಎನ್ನುತ್ತಾರೆ, ನಾನು ಎದ್ದು ಹೋಗಿ ಆಯುಧಪೂಜೆಯ ಮಹತ್ವವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತೇನೆ ಎಂದೆಲ್ಲ ಮಾತು ಜೋಡಿಸಿಕೊಂಡಿದ್ದೆ. ಇವರು ಬಿಲ್ಲೆಯನ್ನು ಕ್ಯಾಮೆರಾದ ಮುಂದೆ ಹಿಡಿದರು. ಬೆನ್ನು ಫಳಫಳ ಹೊಳೆಯಿತು. "ಸಾರಿ, ಮಿಸ್ಟರ್ ತಾನ್" ಎಂದರು. "ಐ ಕ್ಲೀನ್ಡ್ ಇಟ್."

ಆ ಜನರ ಲೋಕದಲ್ಲಿ ಬಿಲ್ಲೆ ತೊಳೆದವನಿಗೆ ಕ್ಷಮೆಯಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಕಳ್ಳನನ್ನಾದರೂ ಅವರು ಸಹಿಸಿಯಾರು, ತೊಳೆದವನನ್ನು ಇಲ್ಲ; ತೊಳೆದರೆ ಹಳೆಯ ಬಿಲ್ಲೆಯ ಗುರುತೇ ಅಳಿಸಿಹೋಗುತ್ತದಂತೆ. ಒಬ್ಬ ನಕ್ಕ. ಇನ್ನೊಬ್ಬ, ಮಾಂಟ್ ಕಿಯಾರಾ ಎಂಬ ಶ್ರೀಮಂತರ ಬಡಾವಣೆಯ ಯಾರೋ ದೊಡ್ಡ ಮನುಷ್ಯ, "ಡಾಕ್ಟರ್ ಅಲ್ಲವೇ, ಆಪರೇಷನ್ನಿಗೆ ಮೊದಲು ಕೈ ತೊಳೆಯುವ ಅಭ್ಯಾಸ" ಎಂದ. ನಾನು ಆರು ತಿಂಗಳಿಂದ ಆಡುತ್ತಿದ್ದಂಥ ಕುಚೋದ್ಯವೇ ಅದು, ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ತಾನ್ ಅವರು ಮಾತ್ರ ನಿಧಾನವಾಗಿ, "ಅಯ್ಯೋ ಡಾಕ್ಟರ್, ವೈ ಯೂ ಕ್ಲೀನ್? ನೆವರ್ ಕ್ಲೀನ್ ಲಾ" ಎಂದು, ಆಮೇಲೆ "ನೆವರ್ ಮೈಂಡ್. ಕ್ಯಾನ್ ಕಮ್ ಔಟ್, ಮೀನ್ಸ್ ಡರ್ಟ್ ಓನ್ಲಿ" ಎಂದು, ತೊಳೆದರೆ ಹೋಯಿತೆಂದ ಮೇಲೆ ಅದು ಕೊಳೆಯೇ ಇರಬೇಕೆಂದು ಸಮಾಧಾನ ಹೇಳಿದರು. ಪಟ್ಟಿಯ ಮಾತು ಅಲ್ಲಿಗೆ ಮುಗಿಯಿತು. ಇವರು ಮೈಕು ಮುಚ್ಚಿ ಒಂದೂವರೆ ಗಂಟೆ ತಲೆಯಾಡಿಸಿದರು. ನಾನು ಒಂದೇ ಟವೆಲ್ಲನ್ನು ಒಂಬತ್ತು ಸಲ ಮಡಚಿದೆ.

ಮಾರನೆಯ ದಿನದಿಂದ ಮಧ್ಯಾಹ್ನಗಳಲ್ಲಿ ನಾನು ಫೋನ್ ಹಿಡಿದು ಹುಡುಕತೊಡಗಿದೆ. ಆ ಕಪ್ಪು ಬರೀ ಕೊಳೆಯೇ ಎಂದು ಸಾಬೀತು ಮಾಡಿ, ನನ್ನ ತಪ್ಪಿಲ್ಲವೆಂದು ನೆಮ್ಮದಿಯಾಗಿರುವುದಷ್ಟೇ ಉದ್ದೇಶ. ಮೂರು ವಾರದಲ್ಲಿ ನನಗೆ ತಿರುಪು ಗೊತ್ತಾಯಿತು, ಪಿನ್ನು ಗೊತ್ತಾಯಿತು, ಆ ಸೈನಿಕನ ಗಲ್ಲವೂ ಗೊತ್ತಾಯಿತು. ನಾಲ್ಕನೆಯ ವಾರ ರಷ್ಯನ್ ಸೈಟೊಂದರಲ್ಲಿ ಅದೇ ಬಿಲ್ಲೆ, ಅಂಚಿನಿಂದ ಅಂಚಿಗೆ ಅದೇ ಕಪ್ಪು ಬೆನ್ನು ಕಾಣಿಸಿತು. ಯಂತ್ರ ಮಾಡಿಕೊಟ್ಟ ಒರಟು ಅನುವಾದದಲ್ಲಿ ವಿಷಯ ಸ್ಪಷ್ಟವಾಗಿತ್ತು. ಒಂದೇ ಕಾರ್ಖಾನೆ ಕೆಲವನ್ನಷ್ಟೇ ಹೀಗೆ ಕಪ್ಪು ಬಳಿದು ಕಳಿಸಿತ್ತು. ಬಹಳ ಅಪರೂಪ. ಯಾವುದೇ ಹುಳಿ ತಾಗಿಸಬೇಡಿ, ಲೇಪ ಕರಗಿಹೋಗುತ್ತದೆ.

ಫೋನ್ ಹಿಡಿದುಕೊಂಡೇ ಇವರ ಕೋಣೆಗೆ ಹೋದೆ, ಹೇಳಿಬಿಡಬೇಕೆಂದೇ ಹೋದೆ. ಇವರು ಬಿಲ್ಲೆಗಳನ್ನು ಹತ್ತಿಯ ಮೇಲೆ ಜೋಡಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಲೆ ಎತ್ತಿ, "ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ. ನೀನು ಹೇಳಿದ್ದೇ ಸರಿ ಮಾರಾಯ್ತಿ, ಅದು ಬರೀ ಕೊಳೆ" ಎಂದರು. ಫೋನನ್ನು ಸೆರಗಿನ ಕೆಳಗೆ ಸರಿಸಿ, ಕಾಫಿ ಮಾಡಲೇ ಎಂದು ಕೇಳಿದೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಇವರು ನನ್ನ ಮಾತು ಸರಿ ಎಂದು ಒಪ್ಪಿಕೊಂಡದ್ದು ಅದೊಂದೇ ಸಲ. ಅದು ತಪ್ಪು ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.