ಮಾವಿನ ಬಿಸ್ಕತ್ತಿನ ಅಂಗೀಕೃತ ಬಣ್ಣ

ಹಣ್ಣುಗಳ ಬಣ್ಣ ನೀಲಿ. ಇದನ್ನು ನಮ್ಮ ಕಚೇರಿ ಹನ್ನೊಂದು ವರ್ಷಗಳಿಂದ ತನ್ನ ಗೋಡೆಯ ಮೇಲೆ ಪ್ರಕಟಿಸಿಕೊಂಡು ಬಂದಿದ್ದು, ಈ ಬೇಸಿಗೆಯವರೆಗೆ ಯಾವೊಬ್ಬ ನಾಗರಿಕರಿಂದಲೂ ಆಕ್ಷೇಪಣೆ ಸ್ವೀಕೃತವಾಗಿರಲಿಲ್ಲ.

ನಮ್ಮದು ತಿನಿಸು ವರ್ಣ ಪರಿಶೀಲನಾ ಕಚೇರಿ. ಒಂದು ತಿನಿಸು ಇನ್ನೊಂದರ ಆಕಾರದಲ್ಲಿ ಮಾರಾಟಕ್ಕೆ ಬಂದರೆ ಅದರ ಬಣ್ಣವೂ ಆ ಇನ್ನೊಂದರದ್ದೇ ಆಗಿರತಕ್ಕದ್ದು, ಇಲ್ಲವಾದರೆ ಜನ ಮೋಸಹೋಗುತ್ತಾರೆ ಎಂಬುದು ನಿಯಮ. ಬಿಸ್ಕತ್ತು ಥೇಟು ಹಣ್ಣಿನಂತೆಯೇ ಕಂಡರೆ ಜನ ಇನ್ನೂ ಹೆಚ್ಚು ಮೋಸಹೋಗುವುದಿಲ್ಲವೇ ಎಂದು ಹಿಂದೊಬ್ಬ ಸಹೋದ್ಯೋಗಿ ಕೇಳಿದ್ದರು. ಅವರು ಈಗ ಬೇರೆ ಕಚೇರಿಯಲ್ಲಿ ಬೇರೆ ಪ್ರಶ್ನೆ ಕೇಳಿಕೊಂಡಿದ್ದಾರೆ.

ಬಣ್ಣ ಹೋಲಿಸಿ ನೋಡಲು ಆರು ಹಣ್ಣುಗಳ ಚಿತ್ರವಿರುವ ಒಂದು ಅಚ್ಚಾದ ಪಟ್ಟಿಯಿದೆ, ಕೆಳಗೆ ಮೊಹರು ಇದೆ. ಅದನ್ನು ಪಶ್ಚಿಮದ ಕಿಟಕಿಗೆ ನೇರ ಎದುರಾಗಿ ತೂಗುಹಾಕಿದವನು ನಾನೇ, ಇಲ್ಲಿನ ಗುಮಾಸ್ತ. ಪಟ್ಟಿಯ ಮೇಲೆ ಬೆಳಕು ಚೆನ್ನಾಗಿ ಬೀಳಲಿ ಎಂಬುದು ನನ್ನ ಉದ್ದೇಶವಾಗಿತ್ತು. ಬೆಳಕು ಚೆನ್ನಾಗಿಯೇ ಬಿತ್ತು. ಸಂಜೆಯ ಬಿಸಿಲು ಮೊದಲು ಹಳದಿಯನ್ನು ತಿಂದಿತು, ಆಮೇಲೆ ಕೆಂಪನ್ನು ತಿಂದಿತು, ರುಚಿಸದ ನೀಲಿಯನ್ನು ಹಾಗೇ ಬಿಟ್ಟಿತು. ಹೀಗಾಗಿ ಮಾವು ಬೂದು ನೀಲಿ, ಕಿತ್ತಳೆ ತಿಳಿ ನೀಲಿ, ಕಲ್ಲಂಗಡಿ ಒಳಗೂ ಹೊರಗೂ ನೀಲಿ. ದ್ರಾಕ್ಷಿ ಮಾತ್ರ ಮೊದಲಿದ್ದಂತೆಯೇ ಇದೆ. ಅದರ ಮೇಲೆ ಕಚೇರಿಗೆ ವಿಶೇಷ ಅಭಿಮಾನ. ಇಷ್ಟು ವರ್ಷ ನಮ್ಮಲ್ಲಿಗೆ ಮೀನಿನ ಆಕಾರದ ಚಾಕೊಲೇಟು, ಮೊಲದ ಆಕಾರದ ಬ್ರೆಡ್ಡು ಬಂದಿದ್ದವೇ ಹೊರತು ಹಣ್ಣಿನ ಆಕಾರದ್ದು ಏನೂ ಬಂದಿರಲಿಲ್ಲ.

ಬಂದದ್ದು ಈ ಬೇಸಿಗೆಯ ಆರಂಭದಲ್ಲಿ, ಒಂದು ತಗಡಿನ ಡಬ್ಬಿಯಲ್ಲಿ. ತಂದವರು ಹಿಂದಿನ ಬೀದಿಯ ಬಿಸ್ಕತ್ತಿನಕ್ಕ. ಅಕ್ಕನ ಮನೆಯ ಮುಂದಿನ ಕೋಣೆಯೇ ಬೇಕರಿ. ಅಲ್ಲಿರುವುದು ಒಂದು ಓವನ್ನು, ಒಂದು ಉದ್ದನೆಯ ಮೇಜು, ಮತ್ತು ಅವರ ಅಪ್ಪ. ಅಪ್ಪನನ್ನು ಬೀದಿಯೆಲ್ಲ ಬಣ್ಣದಜ್ಜ ಎಂದೇ ಕರೆಯುತ್ತದೆ. ಜೀವಮಾನವೆಲ್ಲ ಅಂಗಡಿಗಳ ಬೋರ್ಡು ಬರೆದ ಕೈ ಅದು. ಫ್ಲೆಕ್ಸು ಬಂದ ಮೇಲೆ ಯಾರೂ ಕರೆಯಲಿಲ್ಲ. ಕುಂಚ ಒಣಗಿತು, ಹಿಂದೆಯೇ ಅಜ್ಜನೂ ಒಣಗತೊಡಗಿದರು. ಆಗ ಮಗಳು ಅವರ ಕೈಗೆ ಸಕ್ಕರೆಯ ಐಸಿಂಗು ತುಂಬಿದ ಕೋನು ಕೊಟ್ಟು, "ಇದರಲ್ಲಿ ಗೆರೆ ಎಳಿ ನೋಡೋಣ" ಎಂದರು. ಅಂದಿನಿಂದ ಅಜ್ಜ ಬೆಳಗಾಗುವುದನ್ನೇ ಕಾಯುತ್ತಾರೆ.

ಕೆರೆಯ ಪಕ್ಕದ ಉದ್ಯಾನದಲ್ಲಿ ಬೇಸಿಗೆಯ ಎರಡು ತಿಂಗಳು ಮಳಿಗೆಗಳು ಏಳುತ್ತವೆ. ಈ ಸಲ ಅಕ್ಕನಿಗೂ ಒಂದು ಸಿಕ್ಕಿತ್ತು, ಹತ್ತು ದಿನದೊಳಗೆ ನಮ್ಮ ಪರವಾನಗಿ ತಂದು ತೋರಿಸಬೇಕೆಂಬ ಷರತ್ತಿನ ಮೇಲೆ. ಪರವಾನಗಿ ಇಲ್ಲದಿದ್ದರೆ ಮಳಿಗೆ ಇಲ್ಲ, ಮಳಿಗೆ ಇಲ್ಲದಿದ್ದರೆ ಅಜ್ಜನ ಕೈಗೆ ಕೆಲಸವಿಲ್ಲ. ಅಕ್ಕ ಇದನ್ನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಹೇಳಿದರು. ನಮ್ಮ ಕಚೇರಿಯ ಸಾಹೇಬರು ಅದನ್ನು ಅರ್ಜಿಯ 'ಇತರೆ' ಎಂಬ ಕಾಲಮಿನಲ್ಲಿ ಬರೆಯಲು ಸೂಚಿಸಿದರು.

ಮುಚ್ಚಳ ತೆಗೆದರು. ಬೆಣ್ಣೆಯ ಪರಿಮಳ ಫ್ಯಾನಿನ ಗಾಳಿಗೆ ಕೋಣೆಯೆಲ್ಲ ಹರಡಿತು. ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ಲಟ್ಟಿಸಿ, ತಗಡಿನ ಅಚ್ಚಿನಲ್ಲಿ ಒತ್ತಿ ತೆಗೆದಿದ್ದರಿಂದ ಅಂಚು ಒಂದೂ ಮುಕ್ಕಾಗಿರಲಿಲ್ಲ. ಮಾವಿನ ಹಳದಿಗೆ ಒಂದು ಬದಿಯಲ್ಲಿ ಕೆಂಪಿನ ನೆರಳು. ಕಲ್ಲಂಗಡಿಯ ಹೋಳಿಗೆ ಹಸಿರು ಅಂಚು, ಬೀಜದ ಜಾಗದಲ್ಲಿ ಕರಿ ಎಳ್ಳು. ಕಿತ್ತಳೆಯ ತೊಳೆ ತೊಳೆಗೂ ಬಿಳಿ ಗೆರೆ. ನನ್ನ ಬಾಯಲ್ಲಿ ನೀರೂರಿತು. ಇದು ಕಡತದಲ್ಲಿ ನಮೂದಾಗಿಲ್ಲ.

ಸಾಹೇಬರು ಮಾವಿನ ಬಿಸ್ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಪಟ್ಟಿಯ ಪಕ್ಕಕ್ಕಿಟ್ಟು ನೋಡಿದರು. ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು.

"ಬಣ್ಣ ಹೊಂದ್ತಾ ಇಲ್ಲಮ್ಮ."

"ಮಾವಿನಹಣ್ಣು ಹಳದಿ ಅಲ್ವಾ ಸಾರ್?"

"ಅದು ನಿಮ್ಮ ಅಭಿಪ್ರಾಯ. ಅಭಿಪ್ರಾಯಕ್ಕೆ ಪರವಾನಗಿ ಕೊಡೋ ಅಧಿಕಾರ ನನಗಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್? ಕೆಳಗೆ ಹಣ್ಣಿನಮ್ಮನ ಗಾಡಿ ನಿಂತಿದೆ, ಬಂದು ನೋಡಿ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಹೇಳಿಲ್ವೇನಮ್ಮ?" ಎಂದು ಸಾಹೇಬರು ನಯವಾಗಿಯೇ ಹೇಳಿದರು. ಅವರು ಕೆಟ್ಟವರಲ್ಲ. ನಿಯಮ ಕೈಗೆ ಸಿಕ್ಕದಿದ್ದಾಗ ತುಂಬ ಒಳ್ಳೆಯವರು.

ಅಕ್ಕ ಕೆಳಗಿಳಿದು ಹೋಗಿ ಒಂದು ಮಾವಿನಹಣ್ಣು ತಂದು ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಿದರು. ನಾನು ಅದಕ್ಕೊಂದು ಸಂಖ್ಯೆ ಕೊಟ್ಟು, ತೊಟ್ಟಿಗೆ ಚೀಟಿ ಕಟ್ಟಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ವಿಚಾರಣೆಯ ದಿನ, ಅಂದರೆ ನಾಲ್ಕನೇ ದಿನ, ಬೀಗ ತೆಗೆದಾಗ ಹಣ್ಣು ಕಪ್ಪಾಗಿ, ತೊಟ್ಟಿನ ಬುಡದಲ್ಲಿ ಬಿಳಿ ಬೂಸ್ಟು ಹಿಡಿದಿತ್ತು.

"ನೋಡಿ, ನಮ್ಮ ಪಟ್ಟಿ ಹನ್ನೊಂದು ವರ್ಷದಿಂದ ಒಂದೇ ಮಾತಿಗೆ ನಿಂತಿದೆ. ನಿಮ್ಮ ಸಾಕ್ಷಿ ನಾಲ್ಕೇ ದಿನಕ್ಕೆ ಬಣ್ಣ ಬದಲಾಯಿಸ್ತು," ಎಂದರು ಸಾಹೇಬರು, ಮೂಗು ಮುಚ್ಚಿಕೊಂಡೇ. "ಇಂಥದ್ದರ ಮಾತು ನಂಬೋದು ಹೇಗೆ?"

ಅಕ್ಕ ಹಣ್ಣನ್ನು ಎತ್ತಿಕೊಂಡು ಹೋದರು. ಸಾಕ್ಷ್ಯವನ್ನು ಹಾಗೆ ಕೊಂಡೊಯ್ಯುವಂತಿಲ್ಲ. ಆದರೆ ವಾಸನೆಯ ದೃಷ್ಟಿಯಿಂದ ನಾನು ಸುಮ್ಮನಿದ್ದೆ.

ಐದನೇ ದಿನ ಬಣ್ಣದಜ್ಜ ಸ್ವತಃ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ನಮಸ್ಕಾರವನ್ನೂ ಹೇಳದೆ ಪಟ್ಟಿಯ ಮುಂದೆ ನಿಂತು, ಮೇಲಿಂದ ಕೆಳಗೆ ನೋಡಿ, ನನ್ನತ್ತ ತಿರುಗಿದರು.

"ಬಿಸಿಲಿಗೆ ಬಣ್ಣ ಹಾರಿದೆ ಕಣಯ್ಯ. ಯಾರು ಇದನ್ನ ಇಲ್ಲಿ ನೇತು ಹಾಕಿದ್ದು?"

ನಾನು ರಿಜಿಸ್ಟರಿನಲ್ಲಿ ಏನೋ ಹುಡುಕಿದೆ.

ಪಟ್ಟಿಯ ಬಲಮೂಲೆಯ ಮೇಲೆ ನಮ್ಮ ಗೋಡೆ ಕ್ಯಾಲೆಂಡರು ಜೋತುಬಿದ್ದಿರುತ್ತದೆ. ವರ್ಷ ವರ್ಷವೂ ಹೊಸದು ಬರುತ್ತದೆ, ಮೊಳೆ ಹಳೆಯದೇ. ಅಜ್ಜ ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿದರು. ಅದರಡಿಯಲ್ಲಿ ಅರ್ಧ ಬಾಳೆಹಣ್ಣು ಇತ್ತು, ನಿಗಿನಿಗಿ ಹಳದಿ. ಹೊರಗಿದ್ದ ಇನ್ನರ್ಧ ನೀಲಿ. ಎರಡರ ನಡುವೆ ಸ್ಕೇಲಿಟ್ಟು ಎಳೆದ ಹಾಗೆ ಒಂದು ಗೆರೆ.

"ಈಗೇನಂತೀರಿ?" ಎಂದರು ಅಜ್ಜ.

ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ಅಜ್ಜ ಗೆಲ್ಲಲಿ ಎಂದು ನನ್ನ ಮನಸ್ಸು ಬಯಸಿತು. ಸಾಹೇಬರು ಹತ್ತಿರ ಬಂದು ಬಾಳೆಹಣ್ಣನ್ನು ಬಹಳ ಹೊತ್ತು ಪರೀಕ್ಷಿಸಿದರು. ಅವರ ಮುಖದಲ್ಲಿ ನಿಜವಾದ ಆತಂಕವಿತ್ತು.

"ಇಷ್ಟು ದಿನ ಇದು ನಮ್ಮ ಗಮನಕ್ಕೆ ಬಂದಿರಲಿಲ್ಲ," ಎಂದು ಅವರು ಒಪ್ಪಿಕೊಂಡರು. "ಬರ್ಕೊಳ್ಳಿ ಗುಮಾಸ್ತರೇ. ಬಾಳೆಹಣ್ಣು, ಎಡಗಡೆ ನೀಲಿ, ಬಲಗಡೆ ಹಳದಿ. ನಡುವೆ ಗೆರೆ ನೇರವಾಗಿರತಕ್ಕದ್ದು. ತೋರಿಸಿಕೊಟ್ಟಿದ್ದಕ್ಕೆ ಅಜ್ಜನಿಗೆ ಕಚೇರಿಯ ಧನ್ಯವಾದ."

ಅಜ್ಜ ಕುರ್ಚಿಯ ಮೇಲೆ ಕುಸಿದು ಕೂತರು. ನಾನು ನೀರು ಕೊಟ್ಟೆ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ನೋಡಿದ್ದೆ," ಎಂದರು ಲೋಟ ಕೆಳಗಿಡುತ್ತ, "ಮೊಲಾನೂ ಹಿಡೀದೆ ಕಾಲು ಎಣಿಸೋರನ್ನ ಇವತ್ತೇ ನೋಡಿದ್ದು."

ಆದರೂ ಕಚೇರಿ ಹಠಮಾರಿ ಎಂಬ ಅಪವಾದ ಬರಬಾರದೆಂದು ಸಾಹೇಬರು ಹೊಸ ಪಟ್ಟಿಗೆ ಮುದ್ರಣಾಲಯಕ್ಕೆ ಬರೆಯಲು ಹೇಳಿದರು. ಪತ್ರವನ್ನು ನಾನೇ ಬರೆದೆ, ಬಲು ಆಸೆಯಿಂದ ಬರೆದೆ. ಮಾದರಿ ಲಗತ್ತಿಸಬೇಕೆಂಬ ನಿಯಮದಂತೆ ಹಳೆಯ ಪಟ್ಟಿಯನ್ನು ಬಿಚ್ಚಿ ಲಗತ್ತಿಸಿದೆ. ಮುದ್ರಣಾಲಯದವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಮೂರೇ ದಿನದಲ್ಲಿ ಇನ್ನೂರು ಪ್ರತಿ ಕಳಿಸಿದರು. ಹೊಳೆಯುವ ಕಾಗದ, ಆರು ಹಣ್ಣು, ಮಾದರಿಯಲ್ಲಿದ್ದಂತೆ ಅಷ್ಟೂ ನೀಲಿ, ಬಾಳೆಹಣ್ಣು ಅರ್ಧರ್ಧ. ಮೊದಲು ಮಾಸಲು ನೀಲಿ ಇತ್ತು, ಈಗ ಕಣ್ಣು ಕುಕ್ಕುವ ನೀಲಿ. ಗೋಡೆಗೊಂದು, ಅಕ್ಕನಿಗೊಂದು ಬಿಟ್ಟು ಉಳಿದ ನೂರತೊಂಬತ್ತೆಂಟು ಪ್ರತಿಗಳನ್ನು ಹಾಳುಮಾಡುವುದು ಬೇಡವೆಂದು ಶಾಲೆಗಳಿಗೆ ಹಂಚಲಾಯಿತು.

ಒಂಬತ್ತನೇ ದಿನ ಬೆಳಿಗ್ಗೆ ಅಕ್ಕನಿಗೂ ಒಂದು ಪ್ರತಿ ತಲುಪಿಸಲು ನಾನೇ ಹೋದೆ. ಮೇಜಿನ ಮೇಲೆ ಬಣ್ಣ ಕಾಣದ ಬಿಸ್ಕತ್ತುಗಳು ಸಾಲಾಗಿ ಆರುತ್ತಿದ್ದವು. ಅಜ್ಜ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಕಣ್ಣಿದ್ದೂ ಕುರುಡನ ಹಾಗೆ ಬಳಿಯೋನಲ್ಲ ನಾನು," ಎಂದರು, ಯಾರಿಗೆಂದಿಲ್ಲದೆ.

ಅಕ್ಕ ಐಸಿಂಗಿಗೆ ನೀಲಿ ಬಣ್ಣ ಹನಿಸಿ ಕಲಸುತ್ತಲೇ ಹೇಳಿದರು: "ಬಿಡು ಅಪ್ಪ, ನಾನೇ ಬಳೀತೀನಿ. ನಾಳೆ ಸಾಯಂಕಾಲದೊಳಗೆ ಡಬ್ಬಿ ತೋರಿಸ್ಬೇಕು. ನನ್ನ ಕೈ ನಡುಗುತ್ತೆ, ಗೆರೆ ಸೊಟ್ಟ ಬರುತ್ತೆ, ಬರ್ಲಿ. ನಿನ್ನ ಹೆಸರು ಹೇಳ್ಕೊಂಡು ಮಾರ್ತೀನಿ."

ಒಂದು ಬಿಸ್ಕತ್ತು ಬಳಿದರು. ಗೆರೆ ಸೊಟ್ಟವೇ ಬಂತು. ಅಜ್ಜ ಓರೆಗಣ್ಣಲ್ಲಿ ನೋಡಿದರು. ಎರಡನೆಯದಕ್ಕೆ ಐಸಿಂಗು ಅಂಚು ದಾಟಿ ಕೆಳಗೆ ಸುರಿಯಿತು. ಅಜ್ಜನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಮಗಳ ಕೈಯಿಂದ ಕೋನು ಕಿತ್ತುಕೊಂಡರು.

"ಬಣ್ಣ ಸರ್ಕಾರದ್ದು, ಕೆಟ್ಟರೂ ಅವರ ತಲೆ ಮೇಲೆ. ಗೆರೆ ನಂದು, ಅದನ್ನ ಕೆಡಿಸ್ಬೇಡ," ಎಂದು ಗದರಿದರು.

ಆಮೇಲೆ ಅವರ ಕೈ ನಿಲ್ಲಲಿಲ್ಲ. ನೀಲಿಯಲ್ಲೂ ನೀಲಿಯಿದೆ ಎಂದು ನನಗೆ ಗೊತ್ತಾದದ್ದು ಆ ಬೆಳಿಗ್ಗೆ. ಮಾವಿನ ನೀಲಿಗೆ ಒಂದು ಚೂರು ಬೆಚ್ಚಗಿನ ಛಾಯೆ ಕೊಟ್ಟರು, ಕಿತ್ತಳೆಗೆ ತೆಳುವಾದದ್ದು, ಸ್ಟ್ರಾಬೆರಿಗೆ ಗಾಢವಾದದ್ದರ ಮೇಲೆ ಬಿಳಿ ಚುಕ್ಕೆ. ಯಾವುದು ಯಾವ ಹಣ್ಣೆಂದು ಕೇಳುವ ಅಗತ್ಯವೇ ಇರಲಿಲ್ಲ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎರಡನೇ ಟ್ರೇಯನ್ನು ಓವನ್ನಿಗೆ ತಳ್ಳಿದರು. ಮಾರನೆಯ ದಿನ ಸಾಹೇಬರು ಡಬ್ಬಿ ನೋಡಿ, ಪಟ್ಟಿ ನೋಡಿ, "ಈಗ ನೋಡಿ, ಮಾವು ಮಾವಿನ ಹಾಗಿದೆ" ಎಂದು ಸಹಿ ಹಾಕಿದರು.

ಉದ್ಯಾನದಲ್ಲಿ ಮೊದಲ ದಿನ ಜನ ನಕ್ಕರು. ಎರಡನೇ ದಿನ ನಗುತ್ತಲೇ ಕೊಂಡರು. ಮೂರನೇ ವಾರಕ್ಕೆ ಸಾಲು ಮಳಿಗೆಯ ಕಂಬ ದಾಟಿ ಬೆಂಚಿನವರೆಗೆ ಬಂದಿತ್ತು, ನಗುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಪಟ್ಟಿ ನೋಡಿದ ಮಕ್ಕಳು ಮನೆಯಲ್ಲಿ ಹಳದಿ ಮಾವು ಕಂಡರೆ "ಇದಿನ್ನೂ ಕಾಯಿ" ಎನ್ನತೊಡಗಿದವು. ಕಡೆಗೆ ಹಣ್ಣಿನಮ್ಮನೇ ಗಾಡಿಯನ್ನು ಕೆಳಗೆ ನಿಲ್ಲಿಸಿ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಸಾರ್, ನನ್ನ ಹಣ್ಣು ಹಣ್ಣೇ ಅಂತ ಒಂದು ಚೀಟಿ ಬರ್ಕೊಡಿ. ಹಲ್ಲಿಲ್ಲದ ಮುದುಕರೂ ಇನ್ನೂ ಮಾಗಿಲ್ಲ ಅಂತ ವಾಪಸ್ ಇಟ್ಟು ಹೋಗ್ತಾರೆ."

ಸಾಹೇಬರು ಮರುಗಿದರು. ಅಂದೇ ಸುತ್ತೋಲೆ ಹೊರಟಿತು: "ಸಾರ್ವಜನಿಕರ ಗಮನಕ್ಕೆ. ಸ್ವಾಭಾವಿಕ ಹಣ್ಣುಗಳು ತಮ್ಮ ಹಾಲಿ ಬಣ್ಣದಲ್ಲಿಯೇ ಈ ಬೇಸಿಗೆಯ ಕೊನೆಯವರೆಗೆ ಮುಂದುವರಿಯಲು ವಿನಾಯಿತಿ ನೀಡಲಾಗಿದೆ. ಮುಂದಿನ ಬೇಸಿಗೆಯಿಂದ ಮರಗಳು ಪಟ್ಟಿಯನ್ನು ಅನುಸರಿಸತಕ್ಕದ್ದು. ಹಣ್ಣಿನಂಗಡಿಗಳ ಬೋರ್ಡಿನ ಮೇಲಿನ ಚಿತ್ರಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ."

ಬೋರ್ಡುಗಳನ್ನು ಬದಲಾಯಿಸಲೇಬೇಕಾಯಿತು. ಫ್ಲೆಕ್ಸಿನವರ ಕಂಪ್ಯೂಟರಿನಲ್ಲಿ ಇದ್ದ ಮಾವುಗಳೆಲ್ಲ ಹಳದಿ. ಅವಕ್ಕೆಲ್ಲ ನೀಲಿ ಹೊಡೆದರೆ ಮಾವು ಯಾವುದು ಕಿತ್ತಳೆ ಯಾವುದು ತಿಳಿಯದೆ ಆಲೂಗಡ್ಡೆ ಮೂಟೆ ಬಿಚ್ಚಿದಂತೆ ಕಾಣುತ್ತಿತ್ತು. ಆರು ನೀಲಿಯಲ್ಲಿ ಆರು ಹಣ್ಣು ಬಿಡಿಸಬಲ್ಲವರು ಊರಿಗೆಲ್ಲ ಒಬ್ಬರೇ. ಮಾರುಕಟ್ಟೆಯ ಅಷ್ಟೂ ಅಂಗಡಿಯವರು ಬಣ್ಣದಜ್ಜನ ಮನೆ ಮುಂದೆ ಬಂದು ನಿಂತರು. ಅಜ್ಜ ಅಟ್ಟದಿಂದ ಏಣಿ ಇಳಿಸಿದರು.

ಬೋರ್ಡುಗಳು ನಿಯಮದಂತಿವೆಯೇ ಎಂದು ವರದಿ ಮಾಡುವುದು ನನ್ನ ಕೆಲಸ. ನಿನ್ನೆ ಬೆಳಿಗ್ಗೆ ಹೋದಾಗ ಅಜ್ಜ ಏಣಿಯ ಮೇಲಿದ್ದರು. ಹಣ್ಣಿನಮ್ಮ ಈಗ ಗಾಡಿ ಬಿಟ್ಟು ಸಣ್ಣ ಅಂಗಡಿ ಹಿಡಿದಿದ್ದಾರೆ; ಅದರ ಬೋರ್ಡು ಅರ್ಧ ಮುಗಿದಿತ್ತು. ಅಜ್ಜನ ಬೆನ್ನು ನೆಟ್ಟಗಾಗಿತ್ತು, ಕೆನ್ನೆಯ ಮೇಲೆ ಬಣ್ಣ ಸಿಡಿದಿತ್ತು. ಅಷ್ಟು ಕಳೆಯಾಗಿ ನಾನು ಅವರನ್ನು ಕಂಡಿರಲಿಲ್ಲ.

ಹಣ್ಣಿನಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅಜ್ಜ, ಯಾರಿಗೂ ಕಾಣದ ಹಾಗೆ, ಒಂದು ಮೂಲೇಲಿ, ಒಂದೇ ಒಂದು ಹಳದಿ ಮಾವು ಬರ್ದುಬಿಡಿ. ಗುಮಾಸ್ತರು ನಮ್ಮವರೇ, ಏನೂ ಅನ್ನಲ್ಲ."

ನಾನು ಏನೂ ಅನ್ನುವವನಿರಲಿಲ್ಲ. ಬರೆಯಲಿ ಎಂದೇ ಕಾಯುತ್ತಿದ್ದೆ.

ಅಜ್ಜ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಕೆಳಗೆ ಬಗ್ಗಿ ಆಕೆಯನ್ನು ಕರುಣೆಯಿಂದ ನೋಡಿದರು.

"ಆ ಕಾಲದಲ್ಲಿ ಗೊತ್ತಿಲ್ದೆ ನಲವತ್ತು ವರ್ಷ ಹಳದಿ ಬಳಿದೆ ಕಣಮ್ಮ. ಬೋರ್ಡು ಕೇಳ್ಕೊಂಡು ಒಬ್ರೂ ಹೀಗೆ ಸಾಲು ನಿಲ್ಲಲಿಲ್ಲ. ಈ ವಯಸ್ಸಲ್ಲಿ ಮತ್ತೆ ಆ ತಪ್ಪು ಮಾಡಿಸ್ಬೇಡ."

ತಮಾಷೆಯೋ ಎಂದು ಅವರ ಮುಖ ನೋಡಿದೆ. ನಗು ಇರಲಿಲ್ಲ. ನನಗೆ ಸಂತೋಷವಾಯಿತು, ಅಳುವೂ ಬಂತು, ಎರಡನ್ನೂ ವರದಿಯಿಂದ ಕೈಬಿಟ್ಟೆ. ಅಜ್ಜ ಕೈ ಚಾಚಿ ಮಾವಿನ ಮೂತಿಯನ್ನು ತಿದ್ದತೊಡಗಿದರು. ಏಣಿ ಸ್ವಲ್ಪ ಅಲ್ಲಾಡಿತು. ಹಣ್ಣಿನಮ್ಮ ಅದರ ಒಂದು ಕಾಲು ಹಿಡಿದರು, ನಾನು ಇನ್ನೊಂದನ್ನು ಹಿಡಿದುಕೊಂಡೆ.