ಹೊಗೆ ಹಿಡಿದ ತಲೆಯೂ ಭಾವನ ವೀಳ್ಯವೂ

ಅರವತ್ತು ದಾಟಿದವನಿಗೆ ಮರೆವು ಬಂದರೆ ಯಾರೂ ಬೈಯುವುದಿಲ್ಲ, ‘ಪಾಪ’ ಎನ್ನುತ್ತಾರೆ. ಆ ‘ಪಾಪ’ದಲ್ಲಿ ಒಂದು ಸುಖವಿದೆ. ಕೊತ್ತಂಬರಿ ತರಲು ಹೋಗಿ ಬರಿಗೈಯಲ್ಲಿ ಬಂದರೂ ಕಾಫಿ ಸಿಗುತ್ತದೆ. ಹೋದ ವರ್ಷ ದೊಡ್ಡಪ್ಪನ ಮೊಮ್ಮಗನ ಮದುವೆಯಲ್ಲಿ ಬೈರಕೂರಿನ ಭಾವನನ್ನು ಮರೆಯುವವರೆಗೆ ನಾನೂ ಸುಖವಾಗಿಯೇ ಮರೆಯುತ್ತಿದ್ದೆ.

ನಮ್ಮ ನೆಂಟರಿಷ್ಟರಲ್ಲಿ ವೀಳ್ಯ ಕರೆಯುವುದು ಸಣ್ಣ ಕೆಲಸವಲ್ಲ. ಧಾರೆ ಮುಗಿದ ಮೇಲೆ ಎಲೆ ಅಡಿಕೆ ತಟ್ಟೆಯ ಪಕ್ಕ ನಿಂತು ಮೊದಲು ದೇವರು, ಆಮೇಲೆ ಹಿರಿಯರು, ಆಮೇಲೆ ಒಂದೊಂದು ಮನೆಯನ್ನೂ ಊರು, ಹೆಸರು, ನೆಂಟಸ್ತಿಕೆಯ ವರಸೆ ಹಿಡಿದು ಕೂಗಿ ವೀಳ್ಯ ಕೊಡಬೇಕು. ಹಿಂದುಮುಂದಾದರೆ ಮುನಿಸು, ಬಿಟ್ಟುಹೋದರೆ ಯುದ್ಧ. ಚೀಟಿ ನೋಡಿ ಓದುವುದು ಅವಮಾನ. ಅಪ್ಪನ ನಂತರ ಈ ಕೆಲಸ ನನ್ನದು. ಆವತ್ತು ಸುಗಟೂರು, ಟೇಕಲ್ ಮನೆಗಳೆಲ್ಲ ಸರಾಗವಾಗಿ ಬಂದವು. ಸ್ವಂತ ಅಕ್ಕನ ಗಂಡ ಮುನಿವೆಂಕಟಪ್ಪ ಭಾವ ಮಾತ್ರ ತಲೆಯಿಂದ ಜಾರಿಹೋದರು. ಅವರು ಊಟ ಮಾಡದೆ ಎದ್ದು ಹೊರಟರು. ಅಂದಿನಿಂದ ಅಕ್ಕ ನಮ್ಮನೆಯ ಹೊಸಿಲು ತುಳಿಯಲಿಲ್ಲ. ತಮಾಷೆ ಪಕ್ಕಕ್ಕಿರಲಿ, ಅದು ನನಗೆ ಬಹಳ ನೋವು ಕೊಟ್ಟಿತು. “ಬೇಕಂತ ಬಿಟ್ಟಿಲ್ಲ ಭಾವ, ನೆನಪೇ ಬರ್ಲಿಲ್ಲ” ಎಂದು ಫೋನಿನಲ್ಲಿ ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಅಷ್ಟರಲ್ಲಿ ತಮ್ಮನ ಮಗಳ ಮದುವೆ ಗೊತ್ತಾಯಿತು. “ಅಣ್ಣಾ, ಈ ಸಲ ಹುಡುಗ್ರು ಮೊಬೈಲ್ ನೋಡ್ಕೊಂಡು ಕೂಗ್ಬಿಡ್ಲಿ” ಎಂದ ತಮ್ಮ. ಅಪ್ಪನ ಪಟ್ಟ ಮೊಬೈಲಿಗೆ! ನನ್ನ ಮುಖ ನೋಡಲಾರದೆ ಹೆಂಡತಿ ರತ್ನ ನನ್ನನ್ನು ಕೋಲಾರದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಆಕೆ ರಕ್ತ ಪರೀಕ್ಷೆ ಮಾಡಿಸಿ, ಬಾಯಿ ತೆರೆಸಿ ನೋಡಿದರು. ತಲೆಯ ದೂರಿಗೆ ಬಾಯಿ ನೋಡುವ ವೈದ್ಯರನ್ನು ನಾನು ಕಂಡದ್ದು ಅದೇ ಮೊದಲು.

“ಯಜಮಾನ್ರೇ, ಸಕ್ಕರೆ ಏರಿದೆ, ವಸಡೆಲ್ಲ ಊದಿದೆ. ತಿಂದಿದ್ದು ಮೈಯಲ್ಲಿ ಸರಿಯಾಗಿ ಖರ್ಚಾಗದೆ, ಒಳಗೊಳಗೇ ಉರಿಯೂತ ಇದ್ರೆ ಮೆದುಳಿಗೂ ಬಿಸಿ ತಟ್ಟುತ್ತೆ. ಹಳೇದು ಬೇಗ ನೆನಪಾಗಲ್ಲ, ಹೊಸದು ಬೇಗ ತಲೆಗೆ ಹತ್ತಲ್ಲ. ಎಲ್ಲಾನೂ ವಯಸ್ಸಿನ ಮೇಲೆ ಹಾಕ್ಬೇಡಿ.”

“ಹಸಿ ಸೌದೆ ಒಲೆ ಅನ್ನಿ” ಎಂದಳು ರತ್ನ. “ಅನ್ನಾನೂ ಬೇಯಲ್ಲ, ಮನೆ ತುಂಬಾ ಹೊಗೆ.”

ಡಾಕ್ಟರಮ್ಮ ನಕ್ಕು ಒಪ್ಪಿದರು. ಅಲ್ಲಿಂದ ಶುರುವಾಯಿತು ನನ್ನ ಹೊಗೆ ಬಿಡಿಸುವ ಕಾರ್ಯಕ್ರಮ. ವಸಡಿಗೆ ಚಿಕಿತ್ಸೆ, ಸಕ್ಕರೆಗೆ ಮಾತ್ರೆ. ಎರಡನೆಯ ಮುದ್ದೆ ರದ್ದು, ಮಧ್ಯಾಹ್ನದ ನಿದ್ದೆಯ ಬದಲು ನಡಿಗೆ. ಶ್ರೀನಿವಾಸಪುರದ ಬೀಗರು ಒಂದು ಬುಟ್ಟಿ ಮಾವು ಕಳಿಸಿದರೆ ನನ್ನ ಪಾಲಿಗೆ ಒಂದು ಹೋಳು, ಉಳಿದದ್ದರ ವಾಸನೆ. ನಡೆಯುತ್ತಾ ನಡೆಯುತ್ತಾ ಗಂಡಿನ ಕಡೆಯ ಹೊಸ ಮನೆಗಳನ್ನೂ ಬಾಯಿಪಾಠ ಮಾಡತೊಡಗಿದೆ. ಮೊದಮೊದಲು ತೋಟದ ಬದುವಿನ ಈ ತುದಿಯಲ್ಲಿ ಕಲಿತದ್ದು ಆ ತುದಿಗೆ ಹೋಗುವಷ್ಟರಲ್ಲಿ ಮಾಯ. ಪಕ್ಕದ ತೋಟದ ನಾರಾಯಣಪ್ಪ, “ಏನಣ್ಣಾ, ಹಿಪ್ಪುನೇರಳೆ ಗಿಡಗಳಿಗೆಲ್ಲ ವೀಳ್ಯ ಕೊಡ್ತಿದ್ದೀಯಾ?” ಎಂದು ನಗುತ್ತಿದ್ದ. ಮಾತ್ರೆಯೋ, ನಡಿಗೆಯೋ, ಹಠವೋ, ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ, ಬರಬರುತ್ತಾ ಹೆಸರುಗಳು ನಿಲ್ಲತೊಡಗಿದವು.

ಮಾಲೂರಿನ ಛತ್ರ. ಅಕ್ಕನ ಬಲವಂತಕ್ಕೆ ಬಂದಿದ್ದ ಭಾವ ಮುಂದಿನ ಸಾಲಿನಲ್ಲೇ ಕೈಕಟ್ಟಿ ಕುಳಿತಿದ್ದರು. ತಮ್ಮ ನನ್ನ ಬೆನ್ನ ಹಿಂದೆ ಮೊಬೈಲ್ ಹಿಡಿದು ನಿಂತಿದ್ದ. ನಾನು ಮೈಕ್ ಹಿಡಿದು ಶುರುಮಾಡಿದೆ. ದೇವರು, ಹಿರಿಯರು, ಗಂಡಿನ ಕಡೆಯ ಮುಳಬಾಗಿಲಿನ ಮನೆಗಳು, ಒಂದೂ ತಪ್ಪಲಿಲ್ಲ. ಭಾವನ ಸರದಿ ಬಂದಾಗ, ತಾತನ ಹೆಸರು, ತಂದೆಯ ಹೆಸರು ಸಮೇತ, “ಬೈರಕೂರು ಮುನಿವೆಂಕಟಪ್ಪನವರ ಮನೆ ವೀಳ್ಯಾ!” ಎಂದು ಕೂಗಿದೆ. ಛತ್ರವೇ ಚಪ್ಪಾಳೆ ತಟ್ಟಿತು. ತಮ್ಮ ಮೊಬೈಲನ್ನು ಜೇಬಿಗೆ ಇಳಿಸಿದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆ ಅನ್ನಿಸಿತು, ನಿಜವಾಗಿಯೂ ಗೆದ್ದಿದ್ದೆ.

ಭಾವ ನಿಧಾನವಾಗಿ ಎದ್ದು ಬಂದು ವೀಳ್ಯ ತೆಗೆದುಕೊಂಡರು.

“ಏಮಯ್ಯಾ ಬಾಮೈದ, ನಮ್ಮ ತಾತನ ಹೆಸರೂ ನೆನಪೈತಾ ನಿಂಗೆ?”

“ಐತೆ ಭಾವ” ಎಂದೆ, ಎದೆಯುಬ್ಬಿಸಿ.

“ಹಂಗಾದ್ರೆ ಹೋದ ಸಲ ಬೇಕಂತಲೇ ಬಿಟ್ಟಿದ್ದೆ ಅನ್ನು!”

ಚಪ್ಪಾಳೆ ತಟ್ಟಿದ ಕೈಗಳೆಲ್ಲ ಗದ್ದಕ್ಕೆ ಹೋದವು. ನಾನು ಸಕ್ಕರೆ, ವಸಡು, ಉರಿಯೂತ ಎಂದು ಎಷ್ಟು ವಿವರಿಸಿದರೂ ಭಾವ ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ರತ್ನ ಮುಂದೆ ಬಂದಳು.

“ದೇವ್ರಾಣೆ ಅಣ್ಣಾ, ಹೋದ್ವರ್ಷ ಇವರ ತಲೇಲಿ ಏನೂ ಇರ್ಲಿಲ್ಲ. ನಾನೇ ಸಾಕ್ಷಿ.”

ಭಾವ ನನ್ನನ್ನೊಮ್ಮೆ ನೋಡಿದರು. “ಹೌದು ಭಾವ, ಏನಂದ್ರೆ ಏನೂ ಇರ್ಲಿಲ್ಲ!” ಎಂದು ನಾನು ವೀಳ್ಯ ಕೂಗಿದ್ದಕ್ಕಿಂತ ಜೋರಾಗಿ ಕೂಗಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಅಕ್ಕನನ್ನು ಕರೆದುಕೊಂಡು ನೇರ ಊಟಕ್ಕೆ ಹೋಗಿ ಕುಳಿತರು. ಅಡುಗೆಮನೆಯವರೂ ನನ್ನನ್ನು ನೋಡಿ ಯಾಕೆ ನಗುತ್ತಿದ್ದಾರೆಂದು ಆಮೇಲೆ ತಿಳಿಯಿತು. ಅಷ್ಟೆಲ್ಲ ಹೆಸರು ನೆನಪಿಟ್ಟುಕೊಂಡ ನಾನು ಮೈಕ್ ಆರಿಸುವುದನ್ನು ಮರೆತಿದ್ದೆ.